ಮಾರ್ತೆ ಎಂದ ಕಮಲಾಕರ

ಕಮಲಾಕರ ಹೆಗಡೆ ನೂರೆಂಬತ್ತಕ್ಕೆ ಕೊಂಡ ಪಂಪು ಕಂಪನಿಯ ಷೇರು ಎರಡು ವರ್ಷದಲ್ಲಿ ಅರವತ್ತೆರಡಕ್ಕೆ ಇಳಿದು, ಕೆಸರಿನ ಎಮ್ಮೆಯಂತೆ ಅಲ್ಲೇ ಮಲಗಿತ್ತು. ಅಂದು ಬೆಳಿಗ್ಗೆ ಹೆಂಡತಿ ಸೀತಾ ತೀರ್ಪು ಕೊಟ್ಟಳು.

“ಸಂಜೆ ಒಳಗೆ ಅದನ್ನ ಮಾರಿ ಬನ್ನಿ. ಬಂದಷ್ಟಕ್ಕೆ ಬಟ್ಟೆ ತೊಳೆಯ ಮಷಿನ್ ತರನ. ಇಲ್ದಿದ್ರೆ ನಾಳಿಂದ ನಿಂಗಳ ಪಂಚೆ ನಿಂಗಳೇ ತೊಳ್ಕಳಿ.”

ಕಮಲಾಕರ ದೇವರಿಗೆ ಹೂವೇರಿಸಿ, ಮಾರುವ ಸಂಕಲ್ಪ ಮಾಡಿ ಸಿರಸಿ ಪೇಟೆಗೆ ಬಂದ. ಚಹಾದಂಗಡಿಯಲ್ಲಿ ಮೊಬೈಲ್ ತೆರೆದು ಹೆಬ್ಬೆರಳೆತ್ತಿದ. ಪದ್ಯದ ಕೊನೆಯ ಸಾಲು ಮರೆತ ವಾಚನಕಾರನ ಹಾಗೆ ಬೆರಳು ಗಾಳಿಯಲ್ಲೇ ನಿಂತಿತು. ನಾಳೆ ಏರಿಬಿಟ್ಟರೆ?

ಪಕ್ಕದಲ್ಲಿದ್ದ ಗೆಳೆಯ ನಾಗಪತಿಯನ್ನು ಕೇಳಿದ. “ಈ ಪಂಪಿನ ಷೇರು ಇವತ್ತು ಮಾರ್ತೆ. ಅಡ್ಡಿಲ್ಯ?”

ನಾಗಪತಿ ಹುಬ್ಬೇರಿಸಿದ. ಅಡಿಕೆ ಮಾರುವ ದಿನವನ್ನು ಹೆಂಡತಿಗೂ ಹೇಳದ ಊರಿದು. ಇಲ್ಲಿ ‘ಮಾರ್ತೆ’ ಎಂದು ಡಂಗುರ ಹೊಡೆಯುವವನು, ಉಳಿದವರನ್ನು ಹೆದರಿಸಿ ತಾನು ಅಗ್ಗಕ್ಕೆ ಕೊಳ್ಳಲು ಹೊಂಚುತ್ತಿದ್ದಾನೆ ಎಂದೇ ಅರ್ಥ.

“ಯಂಗೇ ಟೋಪಿ ಹಾಕ್ತ್ಯನ ಮಾರಾಯ?” ಎಂದು ನಕ್ಕವನು ಅರ್ಧ ಚಹಾ ಬಿಟ್ಟು ಎದ್ದೇ ಹೋದ.

ಅಡಿಕೆ ಸೊಸೈಟಿಯ ಅಂಗಳದಲ್ಲಿ ಬನವಾಸಿಯ ಮಂಜಪ್ಪ ಅಡ್ಡಗಟ್ಟಿದ. “ಹೆಗಡೇರ, ಪಂಪಿಂದೇನೋ ಸುದ್ದಿ ಐತಂತಲ್ರೀ?”

“ಎಂತ ಸುದ್ದಿನೂ ಇಲ್ಲ ಮಂಜಪ್ಪ. ನಾನು ಮಾರ್ತಾ ಇದ್ದೇನೆ.”

“ಮಾರ್ರಿ, ಮಾರ್ರಿ!” ಮಂಜಪ್ಪ ಕಣ್ಣು ಹೊಡೆದ. “ಈ ಆಟ ನಮಗೂ ಗೊತ್ತೈತ್ರಿ.”

ಮಧ್ಯಾಹ್ನದೊಳಗೆ ಮಾತು ಸಿದ್ದಾಪುರ, ಯಲ್ಲಾಪುರಕ್ಕೂ ಮುಟ್ಟಿತು. ಗುರುತಿಲ್ಲದವರೂ ಫೋನು ಮಾಡಿ, “ಎಷ್ಟು ಸಾವಿರ ತಗಂಡ್ರಿ?” ಎಂದರು. “ದೇವರಾಣೆ, ಮಾರ್ತಾ ಇದ್ದೇನೆ!” ಎಂದು ಕಮಲಾಕರ ಬೆವರಿದ. ಆಣೆ ಹಾಕಿದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಕೊನೆಗೆ ಅವನಿಗೇ ಅನುಮಾನ: ಇಷ್ಟು ಜನ ಹೇಳುವಾಗ ಏನಾದರೂ ಇರಲಿಕ್ಕೂ ಸಾಕು!

ಮೂರೂ ಇಪ್ಪತ್ತೈದು. ಮಾರುಕಟ್ಟೆ ಮುಚ್ಚಲು ಐದೇ ನಿಮಿಷ. ಪಂಚೆಗಳ ರಾಶಿ ಕಣ್ಣೆದುರು ಎದ್ದು ನಿಂತಿತು. ಉಸಿರು ಬಿಗಿಹಿಡಿದು ಒತ್ತಿಯೇ ಬಿಟ್ಟ. ಇನ್ನೂರು ಷೇರೂ ಹೋದವು. ತಲೆಹೊರೆ ಇಳಿಸಿದವನ ಹಾಗೆ ಹಗುರಾಗಿ ಮನೆ ಸೇರಿದ.

ಬಾಗಿಲಲ್ಲೇ ಸೀತಾ ಪಾಯಸದ ಬಟ್ಟಲು ಹಿಡಿದು ನಿಂತಿದ್ದಳು.

“ಕಡೆಗೂ ಮಾರ್ದೆ ಸೀತಾ...”

“ಸಾಕು ಮಾಡಿ! ಯನ್ನ ಹತ್ರನೂ ಅದೇ ನಾಟಕವ? ನಾಗಪತಣ್ಣ ಬಂದು ಎಲ್ಲಾ ಹೇಳಿದ್ದ. ಮಷಿನ್ ಎಲ್ಲಿಗೂ ಓಡಿ ಹೋಗ್ತಿಲ್ಲೆ. ಮೆಣಸು ಮಾರಿದ ದುಡ್ಡಷ್ಟೂ ಹಾಕಿ, ಅಣ್ಣನ ಮಗ ಸುಮಂತನ ಮೊಬೈಲಲ್ಲಿ ಆನೂ ಅದೇ ಷೇರು ತಗಂಡೆ. ಐನೂರು!”

ಕಮಲಾಕರ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಸೀತಾ ಆಚೀಚೆ ನೋಡಿ ದನಿ ತಗ್ಗಿಸಿದಳು. “ನಾಳೆನೂ ಪ್ಯಾಟೆಗೆ ಹೋಗಿ ‘ಮಾರ್ತೆ, ಮಾರ್ತೆ’ ಹೇಳ್ತಾ ತಿರುಗಿ. ಸ್ವಲ್ಪ ಇಳಿದ್ರೆ ಇನ್ನೂ ಐನೂರು ತಗಳನ.”