ಬೋಳಾರದಲ್ಲಿ ಕಂಪ್ಯೂಟರ್ ಓಗೊಟ್ಟದ್ದು

ಬೋಳಾರದ ಬೋಟು ಪರವಾನಿಗೆ ಉಪಕಚೇರಿಯ ಆವರಣದಲ್ಲಿ ಸಾರ್ವಜನಿಕರು ‘ಸರ್ವರ್ ಡೌನ್’ ಎಂದು ಹೇಳುವುದನ್ನು ಜುಲೈ ಕೊನೆಯ ವಾರದಿಂದ ನಿಷೇಧಿಸಲಾಗಿದೆ. ಆ ಮಾತನ್ನು ಆಡುವ ಹಕ್ಕು ಇನ್ನು ಸಿಬ್ಬಂದಿಗೆ ಮಾತ್ರ. ಗೋಡೆಯ ಪ್ರಕಟಣೆ ಹೀಗಿತ್ತು: ‘ಸರ್ವರ್ ಉತ್ತರಿಸುತ್ತಿಲ್ಲವೆಂದು ದೂರುವ ಅರ್ಜಿದಾರರು ಅದನ್ನು ಲಿನಕ್ಸ್ ಕಮಾಂಡುಗಳ ಮೂಲಕ ಸ್ವತಃ ಸಾಬೀತುಪಡಿಸತಕ್ಕದ್ದು. ತರಬೇತಿ ಉಚಿತ. ಕನ್ನಡಕ ಅರ್ಜಿದಾರರೇ ತರತಕ್ಕದ್ದು.’

ಈ ನಿಯಮದಡಿ ಮೊದಲು ತರಬೇತಿಗೆ ಕೂತವರು ಹೊಳೆಯಾಚೆಯ ಬೆಂಗ್ರೆಯ ಮೀನುಗಾರ ಖಾಲಿದ್. ಅವರ ಬೋಟಿನ ಲೈಸೆನ್ಸ್ ಮುಗಿದಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಆ ವಾರವೇ ಮುಗಿಯಲಿತ್ತು. ಲೈಸೆನ್ಸ್ ಇಲ್ಲದ ಬೋಟು ಅಳಿವೆ ದಾಟಿ ಕಡಲಿಗೆ ಇಳಿಯುವಂತಿಲ್ಲ. ದಿನಾ ಫೆರಿ ಹಿಡಿದು ಹೊಳೆ ದಾಟುವುದು, ಸರ್ವರ್ ಇಲ್ಲವೆಂದು ಕೇಳಿಸಿಕೊಂಡು ಹಿಂದೆ ಹೋಗುವುದು, ಇದೇ ಅವರ ಕಸುಬಾಗಿಬಿಟ್ಟಿತ್ತು.

ಕಂಪ್ಯೂಟರ್ ಆಪರೇಟರ್ ಜಾನೆಟ್ ಕಪ್ಪು ಪರದೆ ತೆರೆದರು.

“ಎಂತ ಮೇಡಂ, ಕರೆಂಟ್ ಹೋಯ್ತಾ?”

“ಇಲ್ಲ, ಲಿನಕ್ಸ್ ಇರುವುದೇ ಹೀಗೆ. ಪಿಂಗ್ ಅಂತ ಹೊಡೀರಿ, ಮುಂದೆ ಸರ್ವರಿನ ನಂಬರ್. ಆಚೆ ಇರುವವನನ್ನು ಕೂಗುವುದು, ಅಷ್ಟೆ. ಇದ್ದರೆ ಓಗೊಡ್ತಾನೆ.”

ಖಾಲಿದ್‌ಗೆ ಇದು ಕೂಡಲೇ ತಲೆಗೆ ಹೋಯಿತು. ದೋಣಿ ಆಚೆ ದಡದಲ್ಲಿದ್ದಾಗ ಬೆಂಗ್ರೆಯವರು ಅಜ್ಜಂದಿರ ಕಾಲದಿಂದ ಮಾಡಿಕೊಂಡು ಬಂದದ್ದು ಇದನ್ನೇ. ಒಂದೊಂದೇ ಕೀ ಹುಡುಕಿ ಒತ್ತಿ ಕೂಗಿದರು. ಯಾರೂ ಓಗೊಡಲಿಲ್ಲ. ಅವರಿಗೆ ಬಹಳ ಸಂತೋಷವಾಯಿತು. ಅಧಿಕಾರಿ ನಿತ್ಯಾನಂದರನ್ನು ಕರೆದರು.

“ಸಾರ್, ಸಾಬೀತಾಯ್ತು. ಉತ್ತರ ಇಲ್ಲ.”

“ಉತ್ತರ ಇಲ್ಲ ಅಂದ್ರೆ ಡೌನ್ ಅಂತ ಎಲ್ಲಿ ಉಂಟು, ಖಾಲಿದಾಕ? ನಾನೂ ಎಷ್ಟೋ ಅರ್ಜಿಗೆ ಉತ್ತರ ಕೊಟ್ಟಿಲ್ಲ. ನಾನು ಡೌನಾ?”

“ಇಲ್ಲ ಸಾರ್, ನೀವು ಗಟ್ಟಿಮುಟ್ಟಾಗಿಯೇ ಇದ್ದೀರಿ.”

ಎರಡನೆಯ ಪಾಠ ಟ್ರೇಸ್‌ರೂಟ್. ಕೂಗು ಯಾವ ದಾರಿ ಹಿಡಿದು ಎಲ್ಲಿ ನಿಂತಿತೆಂದು ಅದು ತೋರಿಸುತ್ತದೆ. ಖಾಲಿದರ ಕೂಗು ಕಚೇರಿಯ ಹೊಸಿಲನ್ನೇ ದಾಟಿರಲಿಲ್ಲ. ಜಾನೆಟ್ ತಲೆಯೆತ್ತಿ ನೋಡಿದರು. ಕಪಾಟಿನ ಮೇಲಿನ ರೌಟರಿನಿಂದ ಹೊರಗೆ ಹೋಗುವ ಕೇಬಲ್ ಕಳಚಿ ನೇತಾಡುತ್ತಿತ್ತು.

“ಸಿಕ್ಕಿಸಿದ್ರೆ ಆಯ್ತಲ್ಲ ಸಾರ್,” ಎಂದರು ಖಾಲಿದ್.

“ಮುಟ್ಬೇಡಿ ಮಾರಾಯ್ರೆ. ಕಳಚಿದ್ದು ಯಾರು ಅಂತ ತನಿಖೆ ಆಗ್ತಾ ಉಂಟು. ಅದು ಸಾಕ್ಷ್ಯ.”

“ಯಾವಾಗ ಮುಗೀತದೆ?”

“ತನಿಖಾಧಿಕಾರಿಗೆ ಇಮೇಲ್ ಹಾಕಿದ್ದೇವೆ. ಅದು ಹೋಗ್ಬೇಕಲ್ಲ.”

ಪಠ್ಯಕ್ರಮದಲ್ಲಿ ಇನ್ನೊಂದು ನಂಬರ್ ಉಳಿದಿತ್ತು: 127.0.0.1. ಕಂಪ್ಯೂಟರ್ ತನ್ನನ್ನು ತಾನೇ ಕೂಗಿ ತಾನೇ ಓಗೊಡುವ ವಿಳಾಸ. ಖಾಲಿದ್ ಹೊಡೆದರು. ಸಾಲುಸಾಲಾಗಿ ಉತ್ತರ ಬಂತು. ನಿತ್ಯಾನಂದರು ಕುರ್ಚಿಯಿಂದ ಎದ್ದರು. ಈ ಕಚೇರಿಯಲ್ಲಿ ಇಷ್ಟು ಬೇಗ ಯಾರಿಗೂ ಉತ್ತರ ಸಿಕ್ಕಿರಲಿಲ್ಲ.

“ಇವನು ಯಾರು, ಇಷ್ಟು ಚುರುಕು?”

“ಇದೇ ಕಂಪ್ಯೂಟರ್, ಸಾರ್,” ಎಂದರು ಜಾನೆಟ್.

“ಹಾಗಾದ್ರೆ ಅರ್ಜಿಯನ್ನು ಇವನಿಗೇ ಕಳಿಸಿ.”

ಕಳಿಸಲಾಯಿತು. ಖಾಲಿದ್ ಕನ್ನಡಕ ಒರೆಸಿಕೊಳ್ಳುವುದರೊಳಗೆ ಲೈಸೆನ್ಸ್ ಮಂಜೂರಾಗಿ ಪ್ರಿಂಟರಿನಿಂದ ಹೊರಬಿತ್ತು. ‘ಮಂಜೂರಾದ ವಿಳಾಸ: 127.0.0.1. ವ್ಯಾಪ್ತಿ: ಸದರಿ ವಿಳಾಸದೊಳಗೆ ಮಾತ್ರ.’

“ವ್ಯಾಪ್ತಿ ಅಂದ್ರೆ ಎಂತ ಸಾರ್?”

“ಕಂಪ್ಯೂಟರ್ ತಾನಿರುವಲ್ಲಿಂದ ಹೊರಗೆ ಹೋಗದೆ ಕೊಟ್ಟದ್ದಲ್ವಾ? ಬೋಟೂ ಹೋಗುವ ಹಾಗಿಲ್ಲ. ಕಟ್ಟಿದ ಜಾಗದಲ್ಲಿ ಎಷ್ಟು ಬೇಕಾದ್ರೂ ಹಿಡೀರಿ.”

“ಅಲ್ಲಿ ಮೀನಿಲ್ಲ ಸಾರ್.”

“ಅದು ಬೇರೆ ಇಲಾಖೆ.”

ಲೈಸೆನ್ಸ್ ಇಲ್ಲದೆ ಕಟ್ಟಿಹಾಕಿದ ಬೋಟಿಗೂ ದಂಡ ಬೀಳುತ್ತದೆಂದು ಮರುದಿನ ಪ್ರಕಟಣೆ ಬಂದ ಕಾರಣ, ಬೆಂಗ್ರೆಯ ಉಳಿದವರೂ ಕನ್ನಡಕ ಹಿಡಿದುಕೊಂಡು ತರಬೇತಿಗೆ ಸಾಲುಗಟ್ಟಿದರು. ಒಂದು ಅರ್ಜಿಯೂ ಬಾಕಿಯಿಲ್ಲದ ಕಚೇರಿಯೆಂದು ಬೋಳಾರಕ್ಕೆ ಪ್ರಶಸ್ತಿ ಸಿಕ್ಕಿತು. ಮೀನುಗಾರಿಕೆ ನಿಷೇಧ ಮುಗಿದ ದಿನ ಖಾಲಿದ್ ಲೈಸೆನ್ಸನ್ನು ಬೋಟಿನ ಕ್ಯಾಬಿನ್ನಿನಲ್ಲಿ ತೂಗುಹಾಕಿ, ಕಟ್ಟಿದ ಜಾಗದಲ್ಲೇ ಬಲೆ ಬಿಟ್ಟರು. ಮೀನು ಬೀಳಲಿಲ್ಲ. ಲೈಸೆನ್ಸ್ ಮುಂದಿನ ವರ್ಷದ ಜುಲೈವರೆಗೆ ಊರ್ಜಿತದಲ್ಲಿದೆ.