ನಂಜರಾಜೇ ಅರಸರ ಪ್ರದಕ್ಷಿಣ ಪರ್ವ

ಎಲೈ ಹರಳೆಣ್ಣೆಯ ಹೊಗೆಯೇ! ಎಂಜಿನ್ನಿನಲ್ಲಿ ಬೆಂದು ಹೊರಬಿದ್ದ ಮರುಕ್ಷಣವೇ ಮುದುಕರ ಮೂಗನ್ನು ಹೊಕ್ಕು ಅವರನ್ನು ಇಪ್ಪತ್ತೈದರ ಹರೆಯಕ್ಕೆ ಎಳೆದೊಯ್ಯುವ ಮಾಯಾವಿನಿಯೇ! ಸಾಕ್ಷಾತ್ ವಾಗ್ದೇವಿಯನ್ನು ಇಂಥ ಕೆಲಸಕ್ಕೆ ಕರೆಯಲು ನನಗೆ ಸಂಕೋಚ. ಆದ್ದರಿಂದ ನೀನೇ ಬಂದು ನನ್ನ ನಾಲಗೆಯ ಮೇಲೆ ಕೂತು, ಮೈಸೂರಿನ ಹುಣಿಸೆತೋಪಿನ ಮೈದಾನದಲ್ಲಿ ಒಂದು ಶನಿವಾರ ಬೆಳಗ್ಗೆ ಏಳೂವರೆಗೆ ನಡೆದ ಘನಘೋರ ಸಮರವನ್ನು ನುಡಿಸು.

ಅದೊಂದು ಯುಗವಿತ್ತು. ನಿಲ್ಲಿಸಲು ಬ್ರೇಕಿಲ್ಲದ, ಬದಲಿಸಲು ಗೇರಿಲ್ಲದ, ಅರ್ಧ ಲೀಟರಿನ ಒಂಟಿ ಸಿಲಿಂಡರನ್ನೇ ಹೃದಯವಾಗುಳ್ಳ, ಪೆಟ್ರೋಲನ್ನು ಮೂಸಿಯೂ ನೋಡದೆ ಮೆಥನಾಲನ್ನೇ ಕುಡಿದು ಹರಳೆಣ್ಣೆಯನ್ನೇ ಉಂಡು ಘರ್ಜಿಸುವ ಸ್ಪೀಡ್‌ವೇ ಬೈಕುಗಳು ಮಣ್ಣಿನ ವರ್ತುಲಗಳಲ್ಲಿ ಗಗನಚುಂಬಿ ಧೂಳನ್ನೆಬ್ಬಿಸುತ್ತಿದ್ದ ಯುಗ. ಆ ಯುಗದ ಆದಿಯಲ್ಲಿ ಆಂಗ್ಲಕುಲಸಂಭೂತವಾದ ಜೆ.ಎ.ಪಿ. ಎಂಜಿನ್ನು ಮೂವತ್ತು ವರ್ಷ ಏಕಚ್ಛತ್ರದಡಿಯಲ್ಲಿ ಲೋಕವನ್ನಾಳಿತು. ಅನಂತರ ಚೆಕ್ ದೇಶದ ಜಾವಾ ಎಂಜಿನ್ನು ದಂಡೆತ್ತಿ ಬಂದು ಸಿಂಹಾಸನವೇರಿತು. ರಾಜರು ಬದಲಾದರೂ ಧರ್ಮ ಮಾತ್ರ ಬದಲಾಗಲಿಲ್ಲ. ಆ ಧರ್ಮ ಯಾವುದೆಂದರೆ, ಸವಾರನಾದವನು ಎಡಕ್ಕೇ ತಿರುಗಬೇಕು, ಎಡಕ್ಕೆ ಮಾತ್ರವೇ ತಿರುಗಬೇಕು. ಎಡಗಾಲಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡು, ಅದನ್ನು ನೆಲಕ್ಕೆ ಉಜ್ಜುತ್ತ, ಹಿಂಚಕ್ರವನ್ನು ಓರೆಯಾಗಿ ಜಾರಿಸುತ್ತ ಎಡಕ್ಕೆ ಸುತ್ತುವುದೇ ಅವರ ಜಪ, ಅದೇ ತಪ.

ಈ ಧರ್ಮವನ್ನು ಮೈಸೂರಿನಲ್ಲಿ ಪಾಲಿಸಿದವರು ಇಬ್ಬರೇ. ಒಬ್ಬರು ವಾಮಾವರ್ತಚಕ್ರವರ್ತಿ, ಧೂಳಿಧೂಸರಿತಶ್ಮಶ್ರುಮಂಡಿತ, ಮಂಡಿನೋವಿನ ಮಾತ್ರೆಗಳ ಮಹಾಭೋಕ್ತ, ನಮ್ಮ ಕಥಾನಾಯಕ ನಂಜರಾಜೇ ಅರಸರು. ಇವರದು ನೀಲಗಿರಿಯ ಕಡೆಯ ಯಾವನೋ ಟೀ ತೋಟದ ದೊರೆ ಬಿಟ್ಟುಹೋದ ಜೆ.ಎ.ಪಿ. ಇನ್ನೊಬ್ಬರು ಇವರ ಧರ್ಮಪತ್ನಿ ದೇವಾಜಮ್ಮಣ್ಣಿಯವರ ಒಡಹುಟ್ಟಿದ ಅಣ್ಣ, ಹಡಗಿನಲ್ಲಿ ಬಂದ ಜಾವಾದ ಒಡೆಯ ಕೆಂಪರಾಜೇ ಅರಸರು. ಎಪ್ಪತ್ತೈದನೆಯ ಇಸವಿಯಲ್ಲಿ ಇವರಿಬ್ಬರೂ ಇದೇ ಮೈದಾನದಲ್ಲಿ ಸೆಣಸಿದ್ದರು. ಗೆರೆ ದಾಟುವ ಗಳಿಗೆಯಲ್ಲಿ ಬಾವುಟದವನಿಗೆ ಸೀನು ಬಂದು ಯಾರು ಗೆದ್ದರೆಂದು ಯಾರಿಗೂ ತಿಳಿಯದೆ, ಬೆಳ್ಳಿ ಬಟ್ಟಲು ಆರು ತಿಂಗಳು ಇವರ ಮನೆಯಲ್ಲೂ ಆರು ತಿಂಗಳು ಅವರ ಮನೆಯಲ್ಲೂ ಇರತಕ್ಕದ್ದೆಂದು ಹಿರಿಯರು ತೀರ್ಮಾನಿಸಿದ್ದರು. ನಲವತ್ತೆಂಟು ವರ್ಷಗಳಿಂದ ಆ ಬಟ್ಟಲು ಎರಡು ಮನೆಗಳ ನಡುವೆ ಓಡಾಡುತ್ತಲೇ ಇತ್ತು. ಅದು ಅತ್ತ ಹೋದ ಆರು ತಿಂಗಳು ನಂಜರಾಜೇ ಅರಸರಿಗೆ ಊಟ ರುಚಿಸುತ್ತಿರಲಿಲ್ಲ. ಇದನ್ನು ಅವರು ಹೆಂಡತಿಗೂ ಹೇಳಿಕೊಂಡವರಲ್ಲ.

ಕಿಡಿ ಹೊತ್ತಿದ್ದು ಒಂದು ನಾಮಕರಣದ ಊಟದಲ್ಲಿ. ಕೆಂಪರಾಜೇ ಅರಸರು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಎಲ್ಲರಿಗೂ ಕೇಳುವ ಹಾಗೆ ಅಂದರು: "ಭಾವ, ನಿಮ್ಮ ಜೆ.ಎ.ಪಿ.ನ ಇನ್ನು ಕಾಫಿಬೀಜ ಪುಡಿ ಮಾಡೋಕೆ ಇಟ್ಕೊಳ್ಳಿ. ರೇಸಿನ ಕಾಲ ಮುಗೀತು ಅದರದ್ದು."

ನಂಜರಾಜೇ ಅರಸರು ಎಲೆಯ ಮುಂದಿನಿಂದ ಎದ್ದರು. ಮಂಡಿ ಹಿಡಿದುಕೊಂಡದ್ದರಿಂದ ಏಳಲು ಸ್ವಲ್ಪ ಹೊತ್ತಾಯಿತು, ಆದರೂ ಎದ್ದರು. ಎದ್ದು, ಪ್ರಳಯಕಾಲದ ಮೇಘದಂತೆ ಗುಡುಗಿದರು: "ಕೇಳಿ ಭಾವ! ನಿಮ್ಮ ಜಾವಾ ಇನ್ನೂ ಅದಿರಾಗಿ ಭೂಗರ್ಭದಲ್ಲಿ ನಿದ್ರಿಸುತ್ತಿದ್ದಾಗಲೇ ಭೂಮಂಡಲದ ವರ್ತುಲಗಳನ್ನೆಲ್ಲ ಗೆದ್ದು ಬಂದ ವಂಶ ನನ್ನದು! ಈ ಶನಿವಾರ ಹುಣಿಸೆತೋಪಿಗೆ ಬನ್ನಿ. ನಾಲ್ಕು ಸುತ್ತು. ಮೊದಲು ಮುಗಿಸಿದವರಿಗೆ ಬಟ್ಟಲು, ಶಾಶ್ವತವಾಗಿ! ನಿಮ್ಮ ಹಿಂಚಕ್ರದ ಧೂಳು ನನ್ನ ಮೀಸೆಗೆ ಸೋಕಿದರೆ ಆ ಮೀಸೆಯನ್ನೇ ಬೋಳಿಸುತ್ತೇನೆ!"

"ಬರ್ತೀನಿ! ನಿಮ್ಮ ಮೀಸೆಗೆ ಸೋಪು ನಾನೇ ತರ್ತೀನಿ!" ಎಂದು ಕೆಂಪರಾಜೇ ಅರಸರೂ ಸಿಂಹನಾದಗೈದರು.

"ಮೊದಲು ಕೂತ್ಕೊಂಡು ಊಟ ಮಾಡಿ ಇಬ್ರೂ. ಬಡಿಸೋರು ಕಾಯ್ತಿದಾರೆ," ಎಂದರು ದೇವಾಜಮ್ಮಣ್ಣಿ. ಒಬ್ಬರಿಗೆ ತಂಗಿ, ಇನ್ನೊಬ್ಬರಿಗೆ ಹೆಂಡತಿಯಾದ್ದರಿಂದ ಪಕ್ಷಪಾತಕ್ಕೆ ಆಸ್ಪದವಿಲ್ಲವೆಂದು ಅವರನ್ನೇ ತೀರ್ಪುಗಾರರನ್ನಾಗಿ ನೇಮಿಸಲಾಯಿತು. ಅವರನ್ನು ಯಾರೂ ಕೇಳಲಿಲ್ಲ.

ಆಮೇಲಿನ ನಾಲ್ಕು ದಿನ ನಂಜರಾಜೇ ಅರಸರು ಶೆಡ್ಡಿನಲ್ಲಿ ತಪಸ್ಸಿಗೆ ಕೂತರು. ಕಾರ್ಬ್ಯುರೇಟರನ್ನು ಬಿಚ್ಚಿ, ತೊಳೆದು, ಜೋಡಿಸಿ, ಮತ್ತೆ ಬಿಚ್ಚಿದರು. ತಲೆಗೆ ಹಚ್ಚಲೆಂದು ಅಡುಗೆಮನೆಯಲ್ಲಿಟ್ಟಿದ್ದ ಹರಳೆಣ್ಣೆಯ ಡಬ್ಬಿ ಸದ್ದಿಲ್ಲದೆ ಎಂಜಿನ್ನಿನ ಉದರವನ್ನು ಸೇರಿತು. ಶುಕ್ರವಾರದ ಎಣ್ಣೆಸ್ನಾನಕ್ಕೆಂದು ತೆಗೆದ ಡಬ್ಬಿ ಖಾಲಿಯಿದ್ದುದನ್ನು ಕಂಡ ದೇವಾಜಮ್ಮಣ್ಣಿ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. "ಆ ಕಬ್ಬಿಣಕ್ಕೆ ಎಣ್ಣೆ ಹಚ್ಚಿದಷ್ಟು ಪ್ರೀತಿಯಿಂದ ನನ್ನ ತಲೆಗೆ ಒಂದಿನ ಹಚ್ಚಿದೀರಾ?" ಎಂದು ಕೇಳಿದರು. ಅರಸರು ಮತ್ತೊಮ್ಮೆ ಕಾರ್ಬ್ಯುರೇಟರನ್ನು ಬಿಚ್ಚಿದರು, ದೇವಾಜಮ್ಮಣ್ಣಿ ಸೀಗೆಪುಡಿಯಲ್ಲೇ ಸ್ನಾನ ಮುಗಿಸಿದರು.

ಶನಿವಾರ ಉದಯಿಸಿತು. ಎರಡು ಲಗೇಜ್ ಆಟೋಗಳಲ್ಲಿ ಎರಡು ಮಹಾವಾಹನಗಳು ಮೈದಾನಕ್ಕೆ ಬಿಜಯಂಗೈದವು. ಎಪ್ಪತ್ತೈದರಲ್ಲಿ ಅಲ್ಲಿ ನಡುವೆ ಬಾವುಟದ ಕಂಬವಿತ್ತು. ಈಗ ಅದೇ ಜಾಗದಲ್ಲಿ ಆಂಜನೇಯನ ಗುಡಿ ಎದ್ದಿತ್ತು, ಹರಕೆ ಹೊತ್ತ ಹೆಂಗಸರು ಮೈದಾನವನ್ನೇ ಸುತ್ತು ಹಾಕುತ್ತಿದ್ದರು. ವೀರರಿಬ್ಬರೂ ಎಡಗಾಲಿಗೆ ಉಕ್ಕಿನ ಅಟ್ಟೆ ಕಟ್ಟಿ, ಗುಡಿಯನ್ನು ಎಡಕ್ಕಿಟ್ಟು ಗೆರೆಯ ಮೇಲೆ ನಿಂತದ್ದೇ ತಡ, ಅರ್ಚಕರಾದ ತಿರುನಾರಾಯಣಾಚಾರ್ಯರು ಮಂಗಳಾರತಿ ತಟ್ಟೆಯ ಸಮೇತ ಓಡಿಬಂದರು.

"ನಿಲ್ಸಿ, ನಿಲ್ಸಿ! ಸ್ವಾಮಿನ ಎಡಕ್ಕೆ ಹಾಕ್ಕೊಂಡು ಸುತ್ತೀರಾ? ಅಪ್ರದಕ್ಷಿಣೆ ಅದು! ಮಸಣದಲ್ಲಿ ಹಾಗೆ ಸುತ್ತೋದು. ಸುತ್ತೋದಾದ್ರೆ ಎಲ್ಲರ ಹಾಗೆ ಬಲಕ್ಕೆ ಸುತ್ತಿ. ಇಲ್ಲಾಂದ್ರೆ ಮನೆಗೆ ನಡೀರಿ."

ಸ್ಪೀಡ್‌ವೇ ಬೈಕನ್ನು ನಂಜರಾಜೇ ಅರಸರು ಜನ್ಮದಲ್ಲೊಮ್ಮೆಯೂ ಬಲಕ್ಕೆ ತಿರುಗಿಸಿದವರಲ್ಲ. ಭಾವ ಹಿಂದೆ ಸರಿಯಲಿ, ಆಗ ತಾನೂ ಉದಾರವಾಗಿ ಒಪ್ಪಿಬಿಡೋಣ ಎಂದು ಓರೆಗಣ್ಣಿನಿಂದ ನೋಡಿದರು. ಭಾವನೂ ಓರೆಗಣ್ಣಿನಿಂದ ಇವರನ್ನೇ ನೋಡುತ್ತಿದ್ದರು.

"ವೀರನಿಗೆ ದಿಕ್ಕುಗಳೆಲ್ಲ ಒಂದೇ!" ಎಂದರು ನಂಜರಾಜೇ ಅರಸರು.

"ಬಲ ಅಂದ್ರೆ ನನಗೆ ಎಡಗೈ ಆಟ!" ಎಂದರು ಕೆಂಪರಾಜೇ ಅರಸರು.

ಉಕ್ಕಿನ ಅಟ್ಟೆಗಳನ್ನು ಬಿಚ್ಚಿ ಬಲಗಾಲಿಗೆ ಕಟ್ಟಲಾಯಿತು. ಎಡಗಾಲಿಗೆ ಅಳತೆ ಕೊಟ್ಟು ಮಾಡಿಸಿದ್ದಾದ್ದರಿಂದ ಕಿರುಬೆರಳು ಹೊರಗೇ ಉಳಿಯಿತು. ಗೆರೆಯ ಮೇಲೆ ಇವರಿಬ್ಬರ ಪಕ್ಕದಲ್ಲೇ, ಹೂವಿನ ಅಂಗಡಿಯ ಸಾಕಮ್ಮ ಹನ್ನೊಂದು ಸುತ್ತಿನ ಹರಕೆ ಶುರು ಮಾಡಲು ಕೈಮುಗಿದು ನಿಂತಿದ್ದಳು. ದೇವಾಜಮ್ಮಣ್ಣಿ ಕರವಸ್ತ್ರ ಬೀಸಿದರು. ಆಟೋದವರು ಹಿಂದಿನಿಂದ ನೂಕಿದರು. ಎಂಜಿನ್ನುಗಳೆರಡೂ ಒಟ್ಟಿಗೇ ಆರ್ಭಟಿಸಿದವು. ಹುಣಿಸೆಮರದ ಕಾಗೆಗಳು ಚದುರಿದವು. ಹರಳೆಣ್ಣೆಯ ಹೊಗೆ ದಿಗಂತವನ್ನು ತುಂಬಿತು. ನಂಜರಾಜೇ ಅರಸರ ಕಣ್ಣಲ್ಲಿ ನೀರು ಬಂತು, ಅದು ಹೊಗೆಯಿಂದ ಬಂದದ್ದಲ್ಲ.

ಹೀಗೆ ನೇರಮಾರ್ಗದಲ್ಲಿ ವಾಯುವೇಗದಿಂದ ಧಾವಿಸಿದ ಆ ನರಶಾರ್ದೂಲರ ಎದುರಿಗೆ ಮೊದಲ ತಿರುವು ಬಂದಿತು. ಬುದ್ಧಿ ಬಲಕ್ಕೆ ಎಂದಿತು. ಸೊಂಟ ಎಡಕ್ಕೆ ವಾಲಿತು. ಕಾಲು ಯಾವುದೆಂದು ತಿಳಿಯದೆ ಎರಡೂ ಕೆಳಗಿಳಿದವು. ಬ್ರೇಕಂತೂ ಇಲ್ಲ, ಪ್ರಾಣಭೀತಿಯಿಂದ ಥ್ರಾಟಲ್ ಬಿಟ್ಟ ನಂಜರಾಜೇ ಅರಸರು ಎರಡೂ ಪಾದಗಳನ್ನು ನೆಲಕ್ಕೆ ಊರಿ, ತೂಕಡಿಸುವ ಕೋಣವನ್ನು ಕೆರೆಯಿಂದ ಎಬ್ಬಿಸುವವರಂತೆ ಬೈಕನ್ನು ಇಂಚಿಂಚಾಗಿ ಬಲಕ್ಕೆ ಜಗ್ಗತೊಡಗಿದರು. ಪಕ್ಕದಲ್ಲಿ ಭಾವನ ಸ್ಥಿತಿಯೂ ಅದೇ. ಎಂಜಿನ್ನುಗಳು ಒಂದಾದ ಮೇಲೊಂದು ಕೆಮ್ಮಿ ಸುಮ್ಮನಾದವು. ಇನ್ನು ನೂಕಿಕೊಂಡೇ ಹೋಗುವುದೆಂದು ಇಬ್ಬರೂ ಇಳಿದರು.

ಸಾಕಮ್ಮ ಆಂಜನೇಯನ ನಾಮ ಹೇಳಿಕೊಳ್ಳುತ್ತ ಅವರನ್ನು ದಾಟಿಹೋದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ದಾಟಿದಳು. ಮೂರನೆಯ ಸಲ ದಾಟುವಾಗ, "ಸ್ವಲ್ಪ ಸರೀರಿ ಬುದ್ಧಿ," ಎಂದಳು.

"ಭಾವ," ಎಂದರು ನಂಜರಾಜೇ ಅರಸರು ಏದುಸಿರಿನಲ್ಲಿ, "ನಿಜ ಹೇಳಿ. ಬಲಕ್ಕೆ ತಿರುಗಿಸೋಕೆ ನಿಮಗೆ ಬರುತ್ತಾ?"

"ಇಲ್ಲ ಭಾವ. ನಿಮಗೆ?"

"ನನಗೂ ಇಲ್ಲ."

ಇಬ್ಬರೂ ಒಂದು ಸುತ್ತನ್ನು ಕಷ್ಟಪಟ್ಟು ಮುಗಿಸಿ ಗೆರೆಯ ಹತ್ತಿರ ಬೈಕುಗಳಿಗೆ ಒರಗಿ ಕೂತರು. ಅಷ್ಟರಲ್ಲಿ ಸಾಕಮ್ಮ ಐದನೆಯ ಸುತ್ತಿಗೆ ಹೊರಟಿದ್ದಳು. ದೇವಾಜಮ್ಮಣ್ಣಿ ಅವಳನ್ನು ಕೈಹಿಡಿದು ನಿಲ್ಲಿಸಿದರು.

"ಮೊದಲು ನಾಲ್ಕು ಸುತ್ತು ಮುಗಿಸಿದವರಿಗೆ ಅಂತ ತಾನೆ ನೀವೇ ಹೇಳಿದ್ದು? ಮುಗಿಸಿದೋಳು ಇವಳು. ನಲವತ್ತೆಂಟು ವರ್ಷ ಇದನ್ನ ಉಜ್ಜಿ ಉಜ್ಜಿ ನನಗೂ ಸಾಕಾಯ್ತು. ತಗೋ ಸಾಕಮ್ಮ," ಎಂದು ಚೀಲದಲ್ಲಿ ತಂದಿದ್ದ ಬಟ್ಟಲನ್ನು ತೆಗೆದು ಅವಳ ಕೈಗಿಟ್ಟರು.

ನಂಜರಾಜೇ ಅರಸರು ಬಾಯಿ ತೆರೆದರು. ಅರ್ಧ ಬದುಕಿನ ಆಸೆ ಕಣ್ಣೆದುರೇ ಹೂವಿನ ಅಂಗಡಿಗೆ ಹೋಗುತ್ತಿದೆ. ಆದರೆ ಕೊಟ್ಟ ಮಾತು ತಮ್ಮದೇ. ಬಾಯಿ ಮುಚ್ಚಿಕೊಂಡರು.

ಸಾಕಮ್ಮ ಬಟ್ಟಲನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಸಕ್ಕರೆ ಹಾಕಿಡಕ್ಕೆ ಚೆನ್ನಾಗದೆ ಕಣವ್ವ. ಇರುವೆ ಬತ್ತವೆ, ಇದಕ್ಕೆ ಮುಚ್ಚಳ ಇಲ್ವಾ?"

"ಇತ್ತಮ್ಮ," ಎಂದರು ಕೆಂಪರಾಜೇ ಅರಸರು. "ಎಪ್ಪತ್ತಾರರಲ್ಲೇ ಕಳೆದೋಯ್ತು. ಮನೆಯೆಲ್ಲಾ ಜಾಲಾಡಿದೆ. ಆಳುಗಳನ್ನೂ ಬೈದೆ, ಪಾಪ."

ನಂಜರಾಜೇ ಅರಸರು ತಮ್ಮ ಹೊರಬಂದ ಕಿರುಬೆರಳನ್ನೇ ನೋಡುತ್ತ ಕೂತರು.

"ಕಳೆದಿಲ್ಲ ಭಾವ," ಎಂದರು ಕೊನೆಗೆ. "ನನ್ನ ಟ್ರಂಕಿನಲ್ಲಿದೆ. ಬಟ್ಟಲು ನಿಮ್ಮನೆಗೆ ಹೋದಾಗ ಅದೊಂದಾದ್ರೂ ನನ್ನ ಹತ್ರ ಇರ್ಲಿ ಅಂತ ಎತ್ತಿಟ್ಟುಕೊಂಡಿದ್ದೆ."

ಸಾಕಮ್ಮ ಬಟ್ಟಲನ್ನು ಹೂವಿನ ಬುಟ್ಟಿಯಲ್ಲಿಟ್ಟು ಸೆರಗು ಬಿಗಿದಳು.

"ಹಂಗಾದ್ರೆ ನಾಳೆ ಹನ್ನೊಂದು ಗಂಟೆಯೊಳಗೆ ತಂದ್ಕೊಡಿ ಬುದ್ಧಿ," ಎಂದಳು. "ಆಮ್ಯಾಕೆ ನಾನು ಮನೇಲಿರಕಿಲ್ಲ."