ಆಟದ ಡಬ್ಬಿಯೊಳಗಿನ ಅಣ್ಣ

ತೊಂಬತ್ತರ ದಶಕದಲ್ಲಿ, ಮುಂಬೈ ಹತ್ತಿರದ ಕೋಪರಿಯಲ್ಲಿ ನನ್ನ ಮಾವನ ಹೋಟೆಲಿನ ಪಕ್ಕ ನಾನು ವಿಡಿಯೋ ಗೇಮ್ ಪಾರ್ಲರ್ ನಡೆಸುತ್ತಿದ್ದಾಗ, ಮೈ ಜುಮ್ಮೆನ್ನುವುದೂ ಹೊಟ್ಟೆ ಹಿಡಿದು ನಗುವುದೂ ಒಂದರ ಬೆನ್ನಿಗೊಂದು ನಡೆಯುತ್ತಲೇ ಇತ್ತು. ಎಲ್ಲಕ್ಕೂ ಕಾರಣ ಒಬ್ಬನೇ: ಆಟದ ಡಬ್ಬಿಯೊಳಗೆ ಬರಿಗಾಲಲ್ಲಿ ನಿಂತು ಕಂಡವರನ್ನೆಲ್ಲ ಒದೆಯುತ್ತಿದ್ದ ಕರಾಟೆ ವೀರ.

ಹಸಿರು

ಮೊದಲ ಡಬ್ಬಿಯಲ್ಲಿ ಅವನು ಸಪೂರ. ಆಡುವವರಿಲ್ಲದಿದ್ದರೂ ತನ್ನಷ್ಟಕ್ಕೆ ಗುದ್ದಾಡಿ ಕೂಗುತ್ತಿದ್ದ. ಯಂತ್ರ ಇದ್ದದ್ದೇ ಹಾಗೆ. ಒಂದು ಮಳೆಯ ಮಧ್ಯಾಹ್ನ ಖಾಲಿ ಪಾರ್ಲರಿನಿಂದ ಕೂಗು ಕೇಳಿ ಮಾವ ಬಂದರು.

"ಯಾರದ್ದು ಮಾರಾಯ ಆ ಬೊಬ್ಬೆ?"

"ಯಾರೂ ಇಲ್ಲ ಮಾವ."

ಅಷ್ಟರಲ್ಲಿ ಮತ್ತೆ "ಹಾ!" ಮಾವ ಓಡಿಹೋಗಿ ದೇವರ ತೀರ್ಥ ತಂದು ಡಬ್ಬಿಗೆ ಚಿಮುಕಿಸಿದರು. ನೀರು ಒಳಗಿಳಿದು ವೀರನ ಮುಖ ಕಡುಹಸಿರಾಯಿತು.

"ನೋಡಿದೆಯಾ? ಈಗ ಅದರ ನಿಜವಾದ ಬಣ್ಣ ಹೊರಗೆ ಬಂತು," ಎಂದರು ಮಾವ, ಬಾಗಿಲಾಚೆ ನಿಂತು.

ಹೆಗಲು

ಅದೇ ಆಟದ ಎರಡನೆಯ ಭಾಗ ಬಂದಾಗ ವೀರನ ಎದೆ, ಹೆಗಲು ಅಗಲವಾಗಿದ್ದವು. ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಹಮಾಲಿ ಮಾಡುವ ಕಲಬುರಗಿಯವನೊಬ್ಬ ರಜೆ ಸಿಕ್ಕಾಗೆಲ್ಲ ಬಂದು, ಆಡದೆ ಆ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ.

"ನಮ್ಮಣ್ಣರೀ. ಮುಂಬೈಗೆ ಬಂದಾಂವ ಹೊಳ್ಳಿ ಮನಿಗೆ ಬರಲಿಲ್ಲ. ಹಳೇ ಡಬ್ಬಿಯೊಳಗ ಸಣ್ಣಾಂವಿದ್ದ," ಎಂದ. ಕಣ್ಣಲ್ಲಿ ನೀರು. ಆಮೇಲೆ ಪಿಸುಗುಟ್ಟಿದ: "ಈ ಹೆಗಲು ಬರಬೇಕಂದ್ರ ಯಾವ ಮಾರ್ಕೆಟಿನ್ಯಾಗ ಹಮಾಲಿ ಮಾಡ್ಯಾನ್ರಿ?"

ಗಡ್ಡ

ಮೂರನೆಯ ಭಾಗದಲ್ಲಿ ವೀರನಿಗೆ ಕುರುಚಲು ಗಡ್ಡ ಬಂತು. ನಮ್ಮತ್ತ ತಿರುಗಿ ನೋಡುವುದನ್ನೂ ಕಲಿತಿದ್ದ. "ಅಣ್ಣಗ ವಯಸ್ಸಾತು," ಎಂದು ಹಮಾಲ ಬಿಕ್ಕಿದ. ಕೋಪರಿಯಲ್ಲಿ ಕಲಬುರಗಿಯವನೊಬ್ಬ ಗೇಮಿನ ಡಬ್ಬಿಗೆ ಅಣ್ಣಾ ಅನ್ನುತ್ತಾನಂತೆ ಎಂಬ ಸುದ್ದಿ ಲೋಕಲ್ ಟ್ರೈನು ಹತ್ತಿ ಡೊಂಬಿವ್ಲಿ ಮುಟ್ಟಿತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾನು ಡಬ್ಬಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಫ್ಯೂಸ್ ತಡಕುತ್ತಿದ್ದೆ. ಮುಂದೆ ನಿಂತಿದ್ದ ಹಮಾಲ ಚೀರಿದ: "ಕರೆಂಟ್ ಹೋದ್ರೂ ಮುಖ ಹೋಗವಲ್ದು! ಅಣ್ಣಾ, ಇನ್ನೂ ಒಳಗ ಅದಿಯೇನೋ?"

"ಒಳಗಲ್ಲಲೇ, ಹಿಂದ ಅದೀನಿ," ಎಂದಿತು ಗಡಸು ದನಿಯೊಂದು.

ಡಬ್ಬಿಯ ಹಿಂದೆ ಇದ್ದವನು ನಾನೊಬ್ಬನೇ! ಸುದ್ದಿ ಕೇಳಿ, ಡೊಂಬಿವ್ಲಿಯ ಕಟ್ಟಡದ ಕೆಲಸ ಬಿಟ್ಟು ಓಡಿಬಂದಿದ್ದ ಸಾಕ್ಷಾತ್ ಅಣ್ಣ ತಮ್ಮನ ಬೆನ್ನ ಹಿಂದೆಯೇ ನಿಂತಿದ್ದ. ಆರಿದ ಪರದೆಯ ಕಪ್ಪು ಗಾಜಿನಲ್ಲಿ ಕಂಡದ್ದು ಆ ಅಣ್ಣನದೇ ಮುಖ. ತಮ್ಮನಿಗೆ ಅದು ಹೊಳೆಯಬೇಕಲ್ಲ? ನೇರ ಡಬ್ಬಿಯ ಹಿಂದಕ್ಕೆ ನುಗ್ಗಿ, ಕತ್ತಲಲ್ಲಿ ನನ್ನನ್ನೇ ಬಿಗಿಯಾಗಿ ತಬ್ಬಿಕೊಂಡು ಗೋಳೋ ಎಂದ:

"ಎಷ್ಟು ಸೊರಗೀದಿ ಅಣ್ಣಾ! ಮ್ಯಾಲೆ ಮೈತುಂಬ ಸಾಂಬಾರಿನ ವಾಸನಿ!"